ಸಾಲದ ಅರ್ಜಿಗೆ ತೆಗೆಸಿದ ಫೋಟೋ

ಅವ್ವನದು ಒಂದೇ ಒಂದು ಒಳ್ಳೆಯ ಫೋಟೋ ಇದೆ. ನನ್ನ ಓದಿನ ಸಾಲದ ಅರ್ಜಿಗೆಂದು ತೆಗೆಸಿದ್ದು. ಅವ್ವ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಗೋಡೆಗೆ ಹಾಕಲು ಆ ಫೋಟೋವನ್ನೇ ದೊಡ್ಡದು ಮಾಡಿಸಬೇಕಾಯಿತು. ಅದರಲ್ಲಿ ಅವ್ವನ ಹಣೆ ಬರಿದಾಗಿದೆ. ಅಪ್ಪ ಆಗ ಬದುಕಿದ್ದ.

ನಾವು ಟಿ.ಬಿ. ಡ್ಯಾಂನ ಕ್ವಾರ್ಟರ್ಸ್‌ನಲ್ಲಿದ್ದೆವು. ಅಪ್ಪನದು ಕಾಲುವೆಗೆ ನೀರು ಬಿಡುವ ಕೆಲಸ. ಮಳೆಗಾಲದಲ್ಲಿ ಡ್ಯಾಂ ತುಂಬಿ ಗೇಟು ತೆಗೆದರೆ ನಮ್ಮ ಅಡುಗೆಮನೆಯ ಸ್ಟೀಲಿನ ತಾಟುಗಳು ಸ್ಟ್ಯಾಂಡಿನಲ್ಲಿ ಸಣ್ಣಗೆ ನಡುಗುತ್ತಿದ್ದವು. ಮನೆಗೆ ಬಂದವರು ಬೆಚ್ಚಿ ಅತ್ತ ನೋಡುತ್ತಿದ್ದರು. ನಮಗೆ ಆ ನಡುಕ ನಿಂತಾಗಲೇ ಏನೋ ಕಳೆದಂತಾಗುತ್ತಿತ್ತು.

ಪಿಯುಸಿ ಮುಗಿದ ಮೇಲೆ ಹೊಸಪೇಟೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಫೀಸು ಕಟ್ಟದಿದ್ದರೆ ಅದು ಬೇರೆಯವರ ಪಾಲು. ಅಪ್ಪ ಊಟಕ್ಕೆ ಕುಳಿತಾಗ ಅವ್ವ ಮಾತು ತೆಗೆದಳು.

"ರೊಕ್ಕ ಎಲ್ಲೈತಿ?" ಎಂದ ಅಪ್ಪ. "ರಿಟೈರ್ ಆದ ಕೂಡ್ಲೇ ಕ್ವಾರ್ಟರ್ಸ್ ಬಿಡು ಅಂತಾರ. ಇದ್ದಿದ್ದೆಲ್ಲ ಮನಿ ಕಟ್ಟಾಕ ಹಾಕೀನಿ. ಬಾಗಲಾ ಕಿತ್ತು ಫೀಸಿಗೆ ಕೊಡ್ಲೇನು?"

"ನೀವೇನೂ ಕೊಡಬ್ಯಾಡ್ರಿ. ಓದೋರಿಗೆ ಬ್ಯಾಂಕಿನಾಗ ಸಾಲ ಕೊಡ್ತಾರಂತ. ಬರೀ ಒಂದು ಸೈ ಹಾಕ್ರಿ."

ಅಪ್ಪನ ಕೈ ರೊಟ್ಟಿಯ ಮೇಲೆ ನಿಂತಿತು. "ಸೈ ಒಂದು ಕೇಳಬ್ಯಾಡ."

ಅದುವರೆಗೆ ಅಪ್ಪ ಇಬ್ಬರ ಸಾಲಕ್ಕೆ ಜಾಮೀನು ಹಾಕಿದ್ದ. ಮೊದಲನೆಯವನು ಸ್ವಂತ ತಮ್ಮ. ಸಂಡೂರಿನ ಗಣಿ ದಾರಿಯಲ್ಲಿ ಲಾರಿ ಉರುಳಿ ಸತ್ತ. ಆಮೇಲೆ ಪಕ್ಕದ ಕ್ವಾರ್ಟರ್ಸ್‌ನವನು. ಅವನ ಚಪ್ಪಲಿಗಳು ಕಾಲುವೆಯ ಮೆಟ್ಟಿಲ ಮೇಲೆ ಸಿಕ್ಕವು. ಅವನನ್ನು ಕೆಳಗಿನ ಗೇಟಿನ ಹತ್ತಿರ ಅಪ್ಪನೇ ನೀರಿನಿಂದ ಎತ್ತಬೇಕಾಯಿತು. ಇಬ್ಬರ ಸಾಲವನ್ನೂ ಅಪ್ಪನ ಸಂಬಳದಲ್ಲಿ ಮುರಿದುಕೊಂಡರು. ಅದನ್ನು ಅವನು ಎಂದೂ ಆಡಿಕೊಳ್ಳಲಿಲ್ಲ. "ನಾ ಸೈ ಹಾಕಿದೋರು ಯಾರೂ ಉಳದಿಲ್ಲ ನೋಡು" ಎಂದಷ್ಟೇ ಹೇಳುತ್ತಿದ್ದ. ಅಂದೂ ಅದನ್ನೇ ಹೇಳಿ, ನನ್ನ ಕಡೆ ನೋಡದೆ ಎದ್ದು ಕೈ ತೊಳೆದ.

ಮನಸ್ಸಿಲ್ಲದವನ ನೆಪ ಎಂದು ನಾನು ತಿಳಿದೆ. ಅವ್ವ ಹಾಗೆ ತಿಳಿಯಲಿಲ್ಲ, ಅವನನ್ನು ನಂಬಿದಳು. ನಂಬಿದ್ದರಿಂದಲೇ ಮತ್ತೆ ಕೇಳದೆ ಬೇರೆ ದಾರಿ ಹುಡುಕಿದಳು.

ಅವ್ವನ ತವರು ಕಂಪ್ಲಿ ಕಡೆಯ ಮೆಟ್ರಿ. ಅಲ್ಲಿ ಅವಳ ಬಾಲ್ಯದ ಗೆಳತಿಯೊಬ್ಬಳು, ಗಂಡನಿಲ್ಲದವಳು, ತನ್ನ ಸಹಿಯ ಮೇಲೆಯೇ ಮಗನಿಗೆ ಓದಿನ ಸಾಲ ಕೊಡಿಸಿದ್ದಳು. ಅವ್ವ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದಳು.

"ನಿಂಗ ಹೆಂಗ ಕೊಟ್ರು ಹೇಳಲೇ," ಎಂದು ಕೇಳಿದಳು.

"ಹೆಂಗಂದ್ರ? ನಿನ್ನಂಥಾಕಿ ಹೋದ್ರ ಗಂಡನ್ನ ಕರ್ಕೊಂಡು ಬಾ ಅಂತಾರ. ನಂಗ ಯಾರ್ನ ಕರ್ಕೊಂಡು ಬಾ ಅಂತಾರ? ಬರೀ ಹಣಿ ನೋಡಿದ್ರು, ಸೈ ಮಾಡಮ್ಮ ಅಂದ್ರು." ಆಮೇಲೆ ಅವ್ವನ ತೊಡೆ ತಟ್ಟಿ ನಕ್ಕಳು. "ನೋಡು, ನನ್ನ ಗಂಡ ಇದ್ದಾಗ ಒಂದು ಕೆಲಸಕ್ಕ ಬರಲಿಲ್ಲ. ಹೋಗಿ ಉಪಕಾರ ಮಾಡ್ಯಾನ."

ಅವ್ವ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ತನ್ನ ಹಣೆಯನ್ನೇ ನೋಡಿಕೊಳ್ಳುತ್ತಿದ್ದಳು.

ಬ್ಯಾಂಕಿಗೆ ಹೋಗುವ ದಿನ ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ನಲ್ಲಿಯ ಹತ್ತಿರ ಅವ್ವ ನಿಂತಳು. ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು ನಲ್ಲಿಯ ಕಂಬಕ್ಕೆ ಅಂಟಿಸಿದಳು. ಸೆರಗು ಒದ್ದೆ ಮಾಡಿ ಕುಂಕುಮ ಒರೆಸಿದಳು. ತಾಳಿಯನ್ನು ಕುಪ್ಪಸದೊಳಗೆ ಇಳಿಬಿಟ್ಟಳು. ಹಸಿರು ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ಅವ್ವಾ, ಏನಿದು?"

"ಸುಮ್ನಿರು. ಒಡೀಬಾರದು ಮಾತ್ರ, ಹುಷಾರು. ಹೊರಗ ಬಂದ ಕೂಡ್ಲೇ ಹಾಕ್ಕೋತೀನಿ. ಅಷ್ಟೊತ್ತು ದೇವ್ರು ಕಣ್ಣು ಮುಚ್ಚಿರ್ತಾನ."

ಬಳೆಗಳು ಇನ್ನೂ ಅವಳ ಕೈಯಷ್ಟೇ ಬೆಚ್ಚಗಿದ್ದವು. ಅವಳ ಹಣೆಯ ನಡುವೆ ಬೆಳ್ಳನೆಯ ಒಂದು ಗುಂಡನೆ ಗುರುತು ಉಳಿದಿತ್ತು. ಮದುವೆಯಾದಾಗಿನಿಂದ ಅಲ್ಲಿ ಬಿಸಿಲು ಬಿದ್ದಿರಲಿಲ್ಲ.

ಮೊದಲು ಅರ್ಜಿಗೆ ಫೋಟೋ ಬೇಕಿತ್ತು. ಸ್ಟುಡಿಯೋದವನು ಮಾತಿನ ಮಲ್ಲ. "ಅಮ್ಮಾ, ನಗಬ್ಯಾಡ್ರಿ. ನಗೋರಿಗೆ ಬ್ಯಾಂಕಿನೋರು ಸಾಲ ಕೊಡಾಂಗಿಲ್ಲ," ಎಂದ. ಕ್ಯಾಮೆರಾ ಕಣ್ಣಿಗೆ ಹಿಡಿದವನು ಮತ್ತೆ ಇಳಿಸಿದ. "ಬೊಟ್ಟು ಬಿದ್ದೈತಿ ನೋಡ್ರಿ. ಅಲ್ಲಿ ಕನ್ನಡಿ ತುಂಬ ಅಂಟಿಸಿ ಹೋಗ್ಯಾರ, ಒಂದು ಹಚ್ಕೋರಿ."

"ಬ್ಯಾಡಪ್ಪ. ಹಂಗ ತಗಿ."

ಅವನ ಮುಖ ಬದಲಾಯಿತು. "ತಪ್ಪಾತ್ರಿ ಅಮ್ಮಾ," ಎಂದು ಮೆತ್ತಗೆ ಹೇಳಿದ. ಅಪ್ಪ ಆ ಹೊತ್ತಿನಲ್ಲಿ ಕಾಲುವೆ ಏರಿಯ ಮೇಲೆ ಸೈಕಲ್ ತುಳಿಯುತ್ತಿದ್ದಿರಬೇಕು. ಇಲ್ಲಿ, ಅವನನ್ನು ಕಂಡೂ ಇಲ್ಲದ ಒಬ್ಬ ಆಗಲೇ ಅವನಿಗಾಗಿ ಮರುಗಿದ್ದ.

ಬ್ಯಾಂಕಿನ ಸಾಹೇಬರು ತಲೆ ಎತ್ತಲೇ ಇಲ್ಲ. ಅವ್ವ ತನ್ನ ಹಣೆ ಕಾಣಲೆಂದು ಸೆರಗು ಹಿಂದೆ ಸರಿಸಿ ನಿಂತಿದ್ದಳು. ಅವರು ಆಧಾರ್ ನೋಡಿದರು, ಮಹಿಳಾ ಸಂಘದ ಉಳಿತಾಯ ಖಾತೆ ಅಲ್ಲೇ ಇದ್ದದ್ದನ್ನು ನೋಡಿದರು, ಸಹಿಗೆ ಜಾಗ ತೋರಿಸಿದರು. ತಡೆಯಲಾರದೆ ನಾನು ಕೇಳಿದೆ, "ಸಾರ್, ಅಪ್ಪ ಬರಬೇಕಾಗಿತ್ತೇನ್ರಿ?"

"ಯಾಕಮ್ಮ? ಅಪ್ಪ ಆಗ್ಲಿ ಅಮ್ಮ ಆಗ್ಲಿ, ಒಬ್ರು ಬಂದ್ರ ಸಾಕು. ಯಾರಿಗಾದ್ರೂ ಅದೇ ರೂಲು."

ಅವ್ವ ಸಹಿ ಮಾಡಿದಳು. ಹೊರಗೆ ಮೆಟ್ಟಿಲ ಮೇಲೆ ಬಂದಾಗ ನನ್ನ ತೋಳು ಹಿಡಿದಳು.

"ಒಬ್ರು ಸಾಕು ಅಂದ್ನಲ್ಲ?"

"ಹೂಂ ಅವ್ವಾ."

"ನಿಮ್ಮಪ್ಪ ಮನ್ಯಾಗ ಇದ್ರೂ ನನ್ನ ಸೈ ನಡೀತಿತ್ತು ಅಂದಂಗಾತು."

"ನಡೀತಿತ್ತು."

ಅವಳು ಬಿಸಿಲನ್ನು ನೋಡುತ್ತಾ ನಿಂತಳು. "ಹಂಗಾರ ಇದನ್ನ ಯಾಕ ಅಳಿಸಿದೆ ನಾನು?"

ಬಳೆಗಳು ಒಂದೂ ಒಡೆಯದೆ ಕೈಗೆ ಹೋದವು. ನಲ್ಲಿಯ ಹತ್ತಿರ ಹೋದರೆ ಕಂಬದ ಮೇಲೆ ಬೊಟ್ಟು ಇರಲಿಲ್ಲ. ಕೆಳಗೆ ಕೆಸರಿನಲ್ಲೂ ಹುಡುಕಿದೆವು. "ಯಾರು ಹಚ್ಕೊಂಡು ಹೋದ್ರೋ," ಎಂದಳು ಅವ್ವ. ಬಸ್ಸು ಹತ್ತಿದ ಹೆಂಗಸರ ಹಣೆಗಳನ್ನೆಲ್ಲ ನೋಡುತ್ತಾ ಬಂದಳು. ನಾನೂ ನೋಡಿದೆ.

ಸಾಲ ಮಂಜೂರಾಯಿತು. ನಾನು ಕಾಲೇಜಿಗೆ ಸೇರಿದೆ. ಒಂದು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಬಾಗಿಲಿಗೆ ಬಂದು ನಿಂತ.

"ಅದಕ್ಕ ನಾ ಸೈ ಹಾಕಿಲ್ಲಲ್ಲ?"

"ಇಲ್ಲಪ್ಪ. ಅವ್ವ ಹಾಕ್ಯಾಳ."

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಹಂಗಾರ ನೀ ಉಳೀತಿ," ಎಂದ.

ಅಷ್ಟು ನಿರಾಳವಾಗಿ ಅವನು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅದು ನೆಪವಲ್ಲ ಎಂದು ನನಗೆ ತಿಳಿದದ್ದು ಆಗ. ಒಳಗೆ ಅವ್ವನ ಕೈಯಿಂದ ಏನೋ ಬಿದ್ದ ಸದ್ದಾಯಿತು.

ಆಮೇಲೆ ಅವಳ ಹಣೆಯ ಮೇಲೆ ಬೊಟ್ಟು ನಿಲ್ಲದಾಯಿತು. ಬೆಳಿಗ್ಗೆ ಹಚ್ಚಿಕೊಂಡದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಒಮ್ಮೆ ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು, ಒಮ್ಮೆ ಅಪ್ಪನ ಖಾಕಿ ಅಂಗಿಯ ಬೆನ್ನಿನ ಮೇಲೆ. ಅಪ್ಪ ಅದನ್ನು ಹೊತ್ತುಕೊಂಡೇ ಡ್ಯೂಟಿಗೆ ಹೋಗಿ ಬಂದಿದ್ದ. "ಯಾಕ, ನನಗೂ ಬೊಟ್ಟು ಇಟ್ಟೀಯೇನು?" ಎಂದು ನಗುತ್ತಾ ಕಿತ್ತು ಅವ್ವನಿಗೆ ಕೊಟ್ಟ. ಅವ್ವ ಅದನ್ನು ಇಸಿದುಕೊಂಡು ಕನ್ನಡಿಗೆ ಅಂಟಿಸಿದಳು. ಬಿದ್ದು ಸಿಕ್ಕದ್ದನ್ನೆಲ್ಲ ಅಲ್ಲೇ ಅಂಟಿಸುತ್ತಿದ್ದಳು. ಕುಂಕುಮದ ಪುಡಿಯೂ ಹಾಗೇ, ಎಣ್ಣೆ ಹಚ್ಚಿ ಒತ್ತಿದರೂ ಉದುರುತ್ತಿತ್ತು. ಬೆವರು, ವಯಸ್ಸು ಎಂದು ಹೇಳಿ ಚರ್ಮಕ್ಕೆ ಮುಲಾಮು ತಂದುಕೊಟ್ಟೆ. ಅವಳು ಡಬ್ಬಿ ತೆರೆಯಲಿಲ್ಲ.

ಹುಣ್ಣಿಮೆಗೊಮ್ಮೆ ಹಂಪಿಗೆ ಹೋಗತೊಡಗಿದಳು. ಗುಡಿಯಲ್ಲಿ ಕೈ ಮುಗಿದು, ಬಜಾರಿನ ಕಲ್ಲು ಮಂಟಪಗಳ ಸಾಲು ದಾಟಿ, ಹೊಳೆಯ ದಾರಿಯಲ್ಲಿ ಬಂಡೆಗಳ ನಡುವೆ ಒರಗಿದ್ದ ಒಂದು ಮಾಸ್ತಿಕಲ್ಲಿನ ಮುಂದೆ ನಿಲ್ಲುತ್ತಿದ್ದಳು. ಗಂಡನೊಡನೆ ಬೆಂಕಿಗೆ ಹೋದವಳ ಕಲ್ಲು ಅದು. ಕಂಬದಿಂದ ಹೊರಚಾಚಿದ ಒಂದು ತೋಳು, ಅಂಗೈ ನಮ್ಮತ್ತ, ಮುಂಗೈ ತುಂಬ ಬಳೆ. ಮುಖ ಸವೆದುಹೋಗಿತ್ತು, ಬಳೆಗಳ ಗೀರು ಮಾತ್ರ ಇನ್ನೂ ಕಾಣುತ್ತಿತ್ತು. ಅವ್ವ ಆ ಬಳೆಗಳಿಗೆ ಕುಂಕುಮ ಹಚ್ಚುತ್ತಿದ್ದಳು. ಅದು ಅಲ್ಲಿ ಚೆನ್ನಾಗಿ ಹಿಡಿಯುತ್ತಿತ್ತು. ಮುಂದಿನ ಹುಣ್ಣಿಮೆಗೆ ಹೋದಾಗಲೂ ಹಾಗೇ ಇರುತ್ತಿತ್ತು.

ಅಪ್ಪ ಹೋದದ್ದು ನನ್ನ ಕೊನೆಯ ವರ್ಷದ ಮಳೆಗಾಲದಲ್ಲಿ. ಡ್ಯಾಂ ತುಂಬಿ ಗೇಟು ತೆಗೆದಿದ್ದರು. ಮಧ್ಯಾಹ್ನ ಡ್ಯೂಟಿಯಿಂದ ಬಂದು, ಎದೆ ಭಾರ ಎಂದು ಚಾಪೆಯ ಮೇಲೆ ಮಲಗಿದ. ನಾನು ಕಾಲೇಜಿನಲ್ಲಿದ್ದೆ. ಅವ್ವ ಚಹಾ ತಂದಾಗ ಸ್ಟ್ಯಾಂಡಿನ ತಾಟುಗಳು ನಡುಗುತ್ತಿದ್ದವಂತೆ, ಅವನು ಮಾತ್ರ ಅಲುಗಾಡುತ್ತಿರಲಿಲ್ಲ.

ದಿನಕರ್ಮದಂದು ಓಣಿಯ ಮುದುಕಿಯರು ಅವ್ವನನ್ನು ಕೂರಿಸಿಕೊಂಡರು. ಕುಂಕುಮ ಅಳಿಸಿ ಬಳೆ ಒಡೆಯುವ ಶಾಸ್ತ್ರಕ್ಕೆ ಮೊದಲು ಅವಳಿಗೆ ಕೊನೆಯ ಸಲ ದೊಡ್ಡದಾಗಿ ಕುಂಕುಮ ಇಡಬೇಕು. ಒಬ್ಬಳು ಇಟ್ಟಳು. ಅದು ಉದುರಿ ಮಡಿಲಿಗೆ ಬಿತ್ತು. ಮತ್ತೆ ಇಟ್ಟಳು.

"ಬ್ಯಾಡ ಬಿಡಬೇ," ಎಂದಳು ಅವ್ವ. "ನಂದು ಆಗಲೇ ಆಗೇತಿ."

ದುಃಖಕ್ಕೆ ಏನೋ ಅನ್ನುತ್ತಾಳೆ ಎಂದು ಅವರು ಅವಳ ಬೆನ್ನು ಸವರಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಮಾತ್ರ ಬಸ್ ಸ್ಟ್ಯಾಂಡಿನ ನಲ್ಲಿಯ ನೀರು ಕೇಳಿಸಿತು.

ನಾನು ಅವಳಿಗೆ ಎಷ್ಟೋ ಸಲ ಹೇಳಿದೆ. ಬಿ.ಪಿ. ಇತ್ತು, ಬೀಡಿ ಇತ್ತು, ಹೃದಯದ ರಕ್ತನಾಳ ಕಟ್ಟಿಕೊಂಡಿತು ಎಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಅವಳು ಗಮನವಿಟ್ಟು ನೋಡಿದಳು.

"ಚೆಂದ ಬರ್ದೀಯವ್ವ. ಇದನ್ನೆಲ್ಲ ಎಲ್ಲಿ ಕಲ್ತಿ?"

"ಕಾಲೇಜಿನಾಗ."

"ಆ ಕಾಲೇಜಿಗೆ ಹೆಂಗ ಹೋದಿ?"

ನಾನು ಹಾಳೆ ಮಡಚಿಟ್ಟೆ. ಆಮೇಲೆ ಚಿತ್ರ ಬರೆಯಲಿಲ್ಲ.

ಸಂಡೂರಿನ ಆಸ್ಪತ್ರೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಸಂಬಳದಲ್ಲಿ ಸಾಲ ತೀರಿತು. ಆ ಸಂಜೆ ಪೇಡೆ ತಂದು ಕೊಟ್ಟೆ. "ಬ್ಯಾಂಕಿಂದು ತೀರ್ತು," ಎಂದಳು ಅವ್ವ. ಪೇಡೆಯನ್ನು ಅಪ್ಪನ ಫೋಟೋದ ಮುಂದೆ ಇಟ್ಟಳು. ಅವನು ಕಟ್ಟಿಸಿದ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕ್ವಾರ್ಟರ್ಸ್‌ನಿಂದ ಆ ಕನ್ನಡಿಯನ್ನು ಬೊಟ್ಟುಗಳ ಸಮೇತ ತಂದಿದ್ದಳು. ಅವಳು ನನಗಿಂತ ಕುಳ್ಳಿ. ನಾನು ಅದರ ಮುಂದೆ ನಿಂತರೆ ಆ ಬೊಟ್ಟುಗಳು ನನ್ನ ಹಣೆಗೆ ಬರುವುದಿಲ್ಲ, ಗಂಟಲಿನ ಮೇಲೆ ಬೀಳುತ್ತವೆ.

ಕಳೆದ ಚಳಿಗಾಲದಲ್ಲಿ ಜ್ವರ ಬಂದು, ನಾನು ಕೆಲಸ ಮಾಡುವ ವಾರ್ಡಿನಲ್ಲೇ ಅವ್ವ ಹೋದಳು. ಮೈ ತೊಳೆದು ಸೀರೆ ಉಡಿಸಿದವಳು ನಾನೇ. ಹಣೆಯ ಬಿಳಿ ಗುರುತು ಆಗಲೂ ಇತ್ತು. ಇಷ್ಟು ವರ್ಷ ಬಿಸಿಲು ಬಿದ್ದರೂ ಅದು ಸುತ್ತಲಿನ ಬಣ್ಣಕ್ಕೆ ತಿರುಗಿರಲಿಲ್ಲ.

ಫೋಟೋ ಹಿಡಿದು ಅದೇ ಸ್ಟುಡಿಯೋಗೆ ಹೋದೆ. ಅವನಿಗೆ ಈಗ ಕನ್ನಡಕ ಬಂದಿದೆ, ಬಾಯಿ ಹಾಗೇ ಇದೆ. ಕಂಪ್ಯೂಟರಿನಲ್ಲಿ ಅವ್ವನ ಮುಖ ದೊಡ್ಡದು ಮಾಡಿ, "ಹಣಿ ಮ್ಯಾಲೆ ಬಿಳಿ ಕಲೆ ಐತಲ್ರಿ, ತೆಗೀತೀನಿ ತಡೀರಿ," ಎಂದ.

"ಬ್ಯಾಡ್ರಿ. ಅದು ಕಲೆ ಅಲ್ಲ."

"ಹಂಗಾರ ಅದರ ಮ್ಯಾಲೆ ಕುಂಕುಮ ಇಡ್ಲೇನು? ಯಜಮಾನ್ರು ಇದ್ದಾಗ ತೆಗ್ಸಿದ್ದೋ, ಹೋದ ಮ್ಯಾಲೋ? ಇದ್ದಾಗಿಂದಾದ್ರ ಇಡ್ತೀವಿ."

"ಇದ್ದಾಗಿಂದು," ಎಂದೆ.

ಅವನು ಪರದೆಯನ್ನೂ ನನ್ನನ್ನೂ ನೋಡಿದ. ಮತ್ತೇನೂ ಕೇಳದೆ ಒಂದು ಕೆಂಪು ಬೊಟ್ಟು ತಂದು ಕೂರಿಸಿದ. ಗುರುತಿಗೆ ಸರಿಯಾಗಿ ಕೂತಿತು. ಆದರೆ ಆ ಹೆಂಗಸು ಯಾರೋ ಬೇರೆಯವಳಾದಳು. ಎಲ್ಲೂ ಹೋಗದವಳು, ಯಾವ ಮೆಟ್ಟಿಲೂ ಹತ್ತದವಳು, ಮಗಳಿಗಾಗಿ ಏನನ್ನೂ ಕೊಡದವಳು. ಆ ಕೆಂಪು ನೋಡುತ್ತಿದ್ದಷ್ಟು ಹೊತ್ತು ನನಗೆ ಬಸ್ಸಿನ ಹೆಂಗಸರ ಹಣೆಗಳೇ ನೆನಪಾದವು.

"ತೆಗೀರಿ," ಎಂದೆ. "ಇದ್ದಂಗ ಇರ್ಲಿ."

ಈಗ ಅದು ಅಪ್ಪನ ಫೋಟೋದ ಪಕ್ಕದಲ್ಲಿದೆ. ಶುಕ್ರವಾರ ಬೆಳಿಗ್ಗೆ ಗಾಜು ಒರೆಸಿ, ಅವ್ವನ ಹಣೆ ಇರುವ ಕಡೆ ಒಂದಿಷ್ಟು ಎಣ್ಣೆ ಹಚ್ಚಿ ಕುಂಕುಮ ಇಡುತ್ತೇನೆ. ಅಪ್ಪನ ಗಾಜಿನ ಮೇಲೆ ಇಟ್ಟದ್ದು ವಾರವಿಡೀ ಇರುತ್ತದೆ. ಅವ್ವನದು ನಾನು ಡ್ಯೂಟಿಯಿಂದ ಬರುವಷ್ಟರಲ್ಲಿ ಫ್ರೇಮಿನ ಕೆಳಗಂಚಿಗೆ ಉದುರಿರುತ್ತದೆ. ಗಾಜಿನ ಹಿಂದೆ ಆ ಬಿಳಿ ಗುರುತು. ಕೈಚೀಲ ಕೆಳಗಿಟ್ಟು, ಕೈ ತೊಳೆದುಕೊಂಡು, ಮತ್ತೆ ಇಡುತ್ತೇನೆ.