ಹಿಂಬಾಗಿಲಿಗೆ ಕೀಲಿ, ಕಾಗದದಲ್ಲಿ ‘ಹೌದು’

“ಬೆಂಕಿ ಹತ್ತಿದ್ರ ಹೆಂಗ ಹೊರಗ ಹೋಗ್ತೀರಿ?”

ಸಂಗಪ್ಪನವರು ಕೇಳಿದ್ದು ಇಷ್ಟೇ. ಸೀರೆ ಮಡಿಚುತ್ತಿದ್ದ ಹನ್ನೊಂದು ಹೆಂಗಸರಲ್ಲಿ ಈರವ್ವ ಎಂಬ ಹಿರಿಯಾಕೆ ಎದ್ದು, ಟೇಬಲ್ಲಿನ ಕೆಳಗಿನಿಂದ ಏನನ್ನೋ ಎಳೆದು ತೆಗೆದಳು. ಡ್ಯಾಮೇಜ್ ಸೀರೆಗಳನ್ನು ಒಂದಕ್ಕೊಂದು ಬಿಗಿದು ಮಾಡಿದ ಹಗ್ಗ!

“ಇದನ್ನ ಕಿಡಕಿಗೆ ಕಟ್ಟಿ ಇಳೀತೀವ್ರಿ. ಬಸುರಿ ಇದ್ದಾಕಿನ್ನ ಮೊದಲ ಇಳಸೂದು ಅಂತ ಮಾತಾಡ್ಕೊಂಡೀವಿ.”

ಇದು ಇಳಕಲ್ಲಿನ ಒಂದು ಸೀರೆ ಕಾರ್ಖಾನೆ. ಕೆಳಗೆ ಪವರ್‌ಲೂಮು, ನೂಲಿನ ರಾಶಿ. ಮೇಲೆ ಮಡಿಚುವ, ಪ್ಯಾಕ್ ಮಾಡುವ ಕೆಲಸ. ಸಂಗಪ್ಪನವರು ಬಾಗಲಕೋಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಅಗ್ನಿಶಾಮಕ ದಳದಿಂದ ನಿವೃತ್ತರಾದ ಮೇಲೆ, ಕೆಲಸದ ಜಾಗಗಳಲ್ಲಿ ಬೆಂಕಿಯ ಅಪಾಯ ಎಷ್ಟಿದೆ ಎಂದು ನೋಡಿ ರಿಪೋರ್ಟ್ ಬರೆಯುತ್ತಾರೆ. ಹೆಂಡತಿಗೊಂದು ಸೀರೆ ತಂದರಾಯಿತು ಎಂದು ನಾನೂ ಅವರ ಜೊತೆ ಹೊರಟಿದ್ದೆ. (ಸೀರೆ ತರಲಿಲ್ಲ. ಆ ವಿಚಾರಣೆ ಮನೆಯಲ್ಲಿ ಬೇರೆಯೇ ಆಯಿತು.)

ಮಹಡಿಗೆ ಇರುವುದು ಒಂದೇ ಮೆಟ್ಟಿಲು. ಅದರ ಬುಡದಲ್ಲೇ ಮೀಟರ್ ಬೋರ್ಡು, ಜೋತುಬಿದ್ದ ವೈರುಗಳು. ಬೆಂಕಿ ಆರಿಸುವ ಸಿಲಿಂಡರಿಗೆ ಖಂಡೇನವಮಿಯ ಆಯುಧಪೂಜೆಯ ಕುಂಕುಮ ಹಾಗೇ ಇತ್ತು, ಪಿನ್ನು ಮಾತ್ರ ತುಕ್ಕು ಹಿಡಿದಿತ್ತು. ಪೂಜೆ ಆಗಿದೆ, ತಪಾಸಣೆ ಆಗಿಲ್ಲ! ಹಿಂದೆ ಇನ್ನೊಂದು ಬಾಗಿಲಿದೆ, ಅದಕ್ಕೆ ದೊಡ್ಡ ಕೀಲಿ ಜಡಿದಿತ್ತು.

“ಯಾಕ್ರಿ ಕೀಲಿ?” ಸಂಗಪ್ಪನವರು ಮಾಲೀಕನನ್ನು ಕೇಳಿದರು.

“ಕಳ್ಳತನ ಆಗ್ತಾವ್ರಿ ಸಾಹೇಬ್ರ. ಸೊಂಟಕ್ಕ ಸೀರಿ ಸುತ್ಕೊಂಡು ಹೋಗಿಬಿಡ್ತಾರ,” ಎಂದ ಮಾಲೀಕ, ಆ ಹೆಂಗಸರ ಎದುರೇ. “ನಮ್ಮಲ್ಲಿ ಇನ್ನೂತನ ಬೆಂಕಿ ಬಿದ್ದೇ ಇಲ್ಲ. ಫಾರಂನ್ಯಾಗ ಎಲ್ಲಾದಕ್ಕೂ ‘ಹೌದು’ ಅಂತ ಬರದುಬಿಡ್ರಿ.”

ಸೀರೆ ಕಳೆದರೆ ಇನ್ನೊಂದು ನೇಯಬಹುದು. ಈರವ್ವನನ್ನು ಯಾವ ಮಗ್ಗದ ಮೇಲೆ ನೇಯುತ್ತೀರಿ ಸ್ವಾಮಿ?

ಸಂಗಪ್ಪನವರು ಕೂಗಾಡಲಿಲ್ಲ. “ಬಾಗ್ಲಾ ತಗೀರಿ” ಎಂದು ವಾಚ್ ನೋಡುತ್ತ ನಿಂತರು. ಕೀಲಿಕೈ ಮಾಲೀಕನ ಮನೆಯಲ್ಲಿತ್ತು. ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದವು.

“ಇಷ್ಟೊತ್ತಿಗೆ ಎಲ್ಲಾ ಮುಗದು ಹೋಗಿರ್ತಿತ್ರಿ. ಹೊಗಿ ಕೀಲಿಕೈ ಹುಡುಕೂತನ ಕಾಯಂಗಿಲ್ಲ,” ಎಂದರು.

ಬಾಗಿಲೇನೋ ತೆರೆಯಿತು. ಆಚೆಗಿನ ಮೆಟ್ಟಿಲ ತುಂಬ ರಟ್ಟಿನ ಡಬ್ಬಿಗಳು! ಕಾಲಿಡಲೂ ಜಾಗವಿಲ್ಲ.

ಈರವ್ವ ಆ ರಾಶಿಯ ಕಡೆ ಕೈ ತೋರಿದಳು. “ಈ ಡಬ್ಬಿ ತಗಸೂತನ ನಾವು ಮ್ಯಾಲ ಕೂಡಂಗಿಲ್ರಿ.” ಹನ್ನೊಂದೂ ಜನ ಕೆಳಗಿಳಿದು ಕಟ್ಟೆಯ ಮೇಲೆ ಕುಳಿತರು. ಮಾಲೀಕ ಬೈದ, ನಾಳೆಯಿಂದ ಬರಬೇಡಿರೆಂದು ಹೆದರಿಸಿದ. ಒಬ್ಬಳೂ ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬಿಗಳು ಜಾಗ ಬಿಟ್ಟವು. ಹಿಂಬಾಗಿಲಿನ ಆ ಕೀಲಿ ಈಗ ಈರವ್ವನ ಬುತ್ತಿ ಚೀಲದಲ್ಲಿದೆಯಂತೆ. ಹೊತ್ತು ಮುಳುಗಿ ಎಲ್ಲರೂ ಮನೆಗೆ ಹೊರಟಾಗಲೇ ಆಕೆ ಅದನ್ನು ಕೊಡುವುದಂತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಸಂಗಪ್ಪನವರು ವೈರಿಂಗ್ ಬದಲಿಸಿ, ಸಿಲಿಂಡರ್ ಬದಲಿಸಿ, ಮೀಟರ್ ಬೋರ್ಡನ್ನು ಮೆಟ್ಟಿಲ ಬುಡದಿಂದ ತೆಗೆಯಿರಿ ಎಂದು ಬರೆದರು. ಬದಲಾದದ್ದು ರಿಪೋರ್ಟ್ ಮಾತ್ರ. ನಾಲ್ಕೇ ದಿನದಲ್ಲಿ ಮಾಲೀಕ ಬೇರೊಬ್ಬನಿಂದ ಬರೆಸಿಕೊಂಡ ಸರ್ಟಿಫಿಕೇಟ್ ಸಂಗಪ್ಪನವರ ವಾಟ್ಸಾಪಿಗೆ ಬಂತು. ಆತ ಇಳಕಲ್ಲಿಗೆ ಕಾಲೇ ಇಟ್ಟಿಲ್ಲ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಆತನಿಗೆ ಗೊತ್ತಿಲ್ಲ. ಎಲ್ಲ ಪ್ರಶ್ನೆಗೂ ‘ಹೌದು’. ಕೆಳಗೊಂದು ಸೊಗಸಾದ ಸಹಿ.

ಆ ಸಹಿ ಹಾಕಿದವನು ತನ್ನ ಮಗಳನ್ನು ಒಂದೇ ಒಂದು ದಿನ ಆ ಮಹಡಿಗೆ ಕೆಲಸಕ್ಕೆ ಕಳಿಸಿಯಾನೇ?