ವಿಮಲಮ್ಮನ ಹಣ್ಣಿನ ಬಿಲ್ಲೆ

ಮಾಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗವಿಸಿದ್ದಯ್ಯನ ಬೇಕರಿ ಗೊತ್ತಿಲ್ಲದವರು ಕಮ್ಮಿ. ಸೌದೆ ಭಟ್ಟಿಯಲ್ಲಿ ಬೆಂದ ಬ್ರೆಡ್ಡು, ಖಾರಾ ಬನ್ನು, ಮುಟ್ಟಿದರೆ ಬೆರಳಿಗೆ ಜಿಡ್ಡು ಮೆತ್ತುವ ಬೆಣ್ಣೆ ಬಿಸ್ಕತ್ತು, ಎಲ್ಲಕ್ಕೂ ಮಿಗಿಲಾಗಿ ದಿಲ್‌ಪಸಂದ್. ಸಕ್ಕರೆ, ವನಸ್ಪತಿ ಸುರಿಯೋದರಲ್ಲಿ ಗವಿಸಿದ್ದಯ್ಯ ಯಾವತ್ತೂ ಕೈ ಬಿಗಿ ಹಿಡಿದವನಲ್ಲ. "ಬಾಯಿಗಿಟ್ರೆ ತಾನಾಗೇ ಜಾರ್ಬೇಕು ಕಣ್ಲಾ" ಅನ್ನುತ್ತಿದ್ದ.

ಹೆಂಡತಿ ವಿಮಲಮ್ಮ ಹತ್ತಿರದ ಕಲ್ಯ ಗ್ರಾಮದ ಹೆಣ್ಣುಮಗಳು. ಮದುವೆಯಾಗಿ ಬಂದಾಗಿನಿಂದ ಗಲ್ಲಾದ ಹತ್ತಿರ ಕೂತವಳು, ಪೊಟ್ಟಣ ಕಟ್ಟಿದವಳು, ಬನ್ನಿಗೆ ಈರುಳ್ಳಿ ಹೆಚ್ಚಿಕೊಟ್ಟವಳು. ಭಟ್ಟಿಯ ಕಡೆ ಮಾತ್ರ ಹೋಗುವ ಹಾಗಿರಲಿಲ್ಲ. ಅದು ಗಂಡನ ಗದ್ದುಗೆ. ಅವನು, ಬಿಟ್ಟರೆ ಕೆಲಸದಾಳು ಅಶ್ವಥ್. ವಿಮಲಮ್ಮನೂ ಯಾವತ್ತೂ ಕೇಳಿದವಳಲ್ಲ.

ಒಂದು ಶಿವರಾತ್ರಿ ಕಳೆದ ಮೇಲೆ, ಮೈದಾ ಹಿಟ್ಟು ನಾದುತ್ತಿದ್ದ ಗವಿಸಿದ್ದಯ್ಯ ಎದೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ. ಮಗ ರೇಣುಕಾಪ್ರಸಾದ್ ಬಿಡದಿಯ ಕಾರ್ಖಾನೆಯಿಂದ ಓಡಿ ಬಂದ. ಬೆಂಗಳೂರಿಗೆ ಸೇರಿಸಿದರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, ಜಿಡ್ಡು ಬೇಡ, ಸಕ್ಕರೆ ಬೇಡ, ಬೆಳಗ್ಗೆ ಓಟ್ಸ್ ಕೊಡಿ ಅಂದರು.

ಸೊಸೆ ಐಶ್ವರ್ಯ ಕೆಂಗೇರಿಯಿಂದ ಓಟ್ಸ್ ಪ್ಯಾಕೆಟ್ ತಂದಳು. ವಿಮಲಮ್ಮ ಗಂಜಿ ಮಾಡಿಕೊಟ್ಟಳು. ಗವಿಸಿದ್ದಯ್ಯ ಒಂದು ಚಮಚ ಬಾಯಿಗಿಟ್ಟು ಲೋಟ ಆಚೆ ತಳ್ಳಿದ.

"ಇದೇನಮ್ಮಿ ಇದು? ಸಿನಿಮಾ ಪೋಸ್ಟರ್ ಅಂಟ್ಸೋ ಗೋಂದು!"

"ಡಾಕ್ಟ್ರು ಹೇಳವ್ರೆ, ಕುಡೀರಿ."

"ಡಾಕ್ಟ್ರಿಗೇ ಕುಡ್ಸು, ಹೋಗು."

ಬಾಳೆಲ್ಲ ಮಾಡಿದ್ದನ್ನು ಮುರಿದು ರುಚಿ ನೋಡಿಯೇ ಮಾರಿದ ಮನುಷ್ಯ. ಈಗ ಊಟದ ತಟ್ಟೆ ಕಂಡರೆ ಗೋಡೆ ಕಡೆ ತಿರುಗುತ್ತಿದ್ದ. ದಿನದಿನಕ್ಕೂ ಕೆನ್ನೆ ಒಳಕ್ಕೆ ಹೋಗುತ್ತಿತ್ತು. ಇಷ್ಟು ಜನರ ಬಾಯಿ ಸಿಹಿ ಮಾಡಿದವನ ಬಾಯಿ ಹಿಂಗೆ ಸಪ್ಪಗಾಗಬೇಕೇ? ಕಡಿಯೋದಕ್ಕೆ, ಅಗಿಯೋದಕ್ಕೆ ಏನಾದರೂ ಇದ್ದರೆ ತಿಂದಾನು ಅಂತ ವಿಮಲಮ್ಮನಿಗೆ ಅನ್ನಿಸಿತು. ಒಂದು ಮಧ್ಯಾಹ್ನ ಓಟ್ಸ್ ಪ್ಯಾಕೆಟ್ಟು, ಏಲಕ್ಕಿ ಬಾಳೆ ಹಿಡಿದುಕೊಂಡು ಮನೆಗೆ ಅಂಟಿಕೊಂಡೇ ಇದ್ದ ಬೇಕರಿಯ ಭಟ್ಟಿಯ ಕಡೆಗೆ ನಡೆದಳು.

ಗವಿಸಿದ್ದಯ್ಯ ಮಂಚದಿಂದಲೇ ಕೂಗಿದ. "ನನ್ನ ಭಟ್ಟೀಲಿ ಹುಲ್ಲು ಬೇಯಿಸ್ತೀಯಾ?"

"ಹೂಂ, ಬೇಯಿಸ್ತೀನಿ. ತಿನ್ನೋರು ನೀವೇ."

ಮೊದಲ ಸಲ ಬಂದದ್ದು ಚಪ್ಪಡಿ ಕಲ್ಲು. ಎರಡನೇ ಸಲ ಬಾಳೆಹಣ್ಣು ಜಾಸ್ತಿಯಾಗಿ ಅಂಟಂಟಾಯಿತು. ಆಮೇಲಿನದು ಕತ್ತರಿಸಲು ಹೋದರೆ ಉದುರಿ ಉಸುಲಿಯಾಯಿತು. ಯಜಮಾನ ಮಲಗಿದಾಗಿನಿಂದ ಭಟ್ಟಿ ನೋಡಿಕೊಳ್ಳುತ್ತಿದ್ದ ಅಶ್ವಥ್ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಉದುರಿದ್ದನ್ನೆಲ್ಲ ಹಾಲಿಗೆ ಹಾಕಿಕೊಂಡು ತಾನೇ ತಿಂದು, ವಿಮಲಮ್ಮ ಮತ್ತೆ ಕೂತಳು.

ನಿಧಾನಕ್ಕೆ ಅದರ ಗುಣ ತಿಳಿಯತೊಡಗಿತು. ಓಟ್ಸನ್ನು ಮೊದಲು ಬಾಣಲೆಯಲ್ಲಿ ಘಮ್ಮನೆ ಹುರಿಯಬೇಕು. ಬೆಲ್ಲದ ಪಾಕ ಬೇಡ. ಖರ್ಜೂರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಅರೆದರೆ ಅದೇ ಅಂಟು, ಅದೇ ಸಿಹಿ. ಬಾಳೆಹಣ್ಣು ಒಂದಿಷ್ಟೇ, ಕಡ್ಲೆಕಾಯಿ ಬೀಜದ ತರಿ ಒಂದು ಹಿಡಿ, ಎಳ್ಳು, ಚಿಟಿಕೆ ಉಪ್ಪು. ತಟ್ಟೆಗೆ ಸವರಲು ಕಡ್ಲೆಕಾಯಿ ಎಣ್ಣೆಯ ಪಸೆ ಇದ್ದರೆ ಸಾಕು. ಆದರೂ ಏನೋ ಕೊರತೆ ಅನ್ನಿಸುತ್ತಿತ್ತು. ಆಗ ಮಾವಿನ ಕಾಲ. ಕಲ್ಯದಿಂದ ತಮ್ಮ ಒಂದು ಚೀಲ ಬಾದಾಮಿ ಹಣ್ಣು ತಂದು ಇಳಿಸಿದ. ರಸ ಹಿಂಡಿ, ತಟ್ಟೆಗೆ ಹರಡಿ, ಮಹಡಿಯ ಮೇಲೆ ಬಿಸಿಲಿಗಿಟ್ಟು ಒಣಗಿಸಿದಳು. ಆ ಹುಳಿ-ಸಿಹಿ ಹಾಳೆಯನ್ನು ಸಣ್ಣಗೆ ಹೆಚ್ಚಿ ಬೆರೆಸಿದ್ದೇ ತಡ, ಬಾಯಲ್ಲಿ ನೀರೂರಿತು.

ಇನ್ನು ಕಾವು. ಬ್ರೆಡ್ಡಿನ ಜೊತೆಗಿಟ್ಟರೆ ಅಂಚು ಕರಕಲಾಗುತ್ತಿತ್ತು. ಬ್ರೆಡ್ಡೆಲ್ಲ ತೆಗೆದ ಮೇಲೆ, ಭಟ್ಟಿ ಆರುತ್ತಾ ಬರುವಾಗ ಇಟ್ಟಳು. ತಟ್ಟೆ ಈಚೆಗೆ ಬಂದಾಗ ಬಣ್ಣ ಜೇನಿನಂತಿತ್ತು. ಬಿಸಿಯಲ್ಲೇ ಚೌಕಚೌಕವಾಗಿ ಗೀರು ಹಾಕಿ, ಪೂರಾ ಆರುವ ತನಕ ಮುಟ್ಟದೆ ಕಾದಳು. ಬಿಲ್ಲೆಗಳು ಪಟಪಟನೆ ಬಿಟ್ಟುಕೊಂಡವು.

ಗವಿಸಿದ್ದಯ್ಯನ ಮುಂದೆ ಒಂದು ಬಿಲ್ಲೆ ಇಟ್ಟು, ಪಕ್ಕದಲ್ಲಿ ಕೂತಳು. ಅವನು ತಿರುಗಿಸಿ ನೋಡಿದ, ಮೂಸಿದ, ಮೂಲೆ ಮುರಿದು ಬಾಯಿಗಿಟ್ಟ. ಅಗಿದ. ಇನ್ನೊಂದು ಮೂಲೆ ಮುರಿದ. ಬಿಲ್ಲೆ ಮುಗಿದ ಮೇಲೆ ಗೋಡೆ ಕಡೆ ತಿರುಗಲಿಲ್ಲ.

"ಉಪ್ಪು ಒಸಿ ಮುಂದೈತೆ," ಅಂದ. "ಇನ್ನೊಂದು ಕೊಡು."

ಬೇರೆಯವರ ತಿಂಡಿಯನ್ನು ಎರಡನೇ ಸಲ ಕೇಳಿದ್ದು ಅವನ ಜನ್ಮದಲ್ಲೇ ಅದೇ ಮೊದಲು. ವಿಮಲಮ್ಮ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ನೊಂದು ತಂದಳು.

ಐಶ್ವರ್ಯ ದಿನಾ ಮಾಗಡಿಯಿಂದಲೇ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಚೆಕ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಆ ವರ್ಷಗಳಲ್ಲಿ ಕತ್ತಲೆ ಹರಿಯುವ ಮುಂಚೆಯೇ ಕಾರ್ಖಾನೆ ಬಸ್ಸುಗಳು ಹಳ್ಳಿಹಳ್ಳಿಯ ಹೆಣ್ಣುಮಕ್ಕಳನ್ನು ತುಂಬಿಕೊಳ್ಳುತ್ತಿದ್ದವು. ಮುದ್ದೆ ತಿನ್ನಲು ಹೊತ್ತಿಲ್ಲ; ಬರಿ ಹೊಟ್ಟೆಯಲ್ಲಿ ಹೋಗಿ, ಬಿಡುವಿನಲ್ಲಿ ಕ್ರೀಮ್ ಬನ್ನು ತಿಂದು, ಸಂಜೆಗೆ ಎದೆಯುರಿ ಅನ್ನುತ್ತಾ ಬರುತ್ತಿದ್ದರು. ಅತ್ತೆ ಸೊಸೆಯ ಬ್ಯಾಗಿಗೂ ನಾಲ್ಕು ಬಿಲ್ಲೆ ಹಾಕತೊಡಗಿದಳು. ಪಕ್ಕದ ಸೀಟಿನ ಜಹೀದಾ ಅದರಲ್ಲಿ ಒಂದನ್ನು ತಿಂದವಳು, ಸಂಜೆ ನೇರ ಬೇಕರಿಗೇ ಬಂದಳು.

"ಆಂಟಿ, ಅದ್ನ ಮಾರ್ತೀರಾ? ಮಧ್ಯಾಹ್ನದ ತಂಕ ಹಸಿವೇ ಆಗ್ಲಿಲ್ಲ. ಭಾರಾನೂ ಇಲ್ಲ, ಉರೀನೂ ಇಲ್ಲ."

ಮಾರುವ ಯೋಚನೆಯೇ ವಿಮಲಮ್ಮನಿಗೆ ಇರಲಿಲ್ಲ. ಈಗೀಗ ಎದ್ದು ಬಂದು ಗಲ್ಲಾದ ಹತ್ತಿರ ಕೂರುತ್ತಿದ್ದ ಗಂಡನ ಮುಖ ನೋಡಿದಳು. ಅವನು ಗಾಜಿನ ಕಪಾಟಿನಲ್ಲಿ ದಿಲ್‌ಪಸಂದನ್ನು ಒಂದು ಕಡೆ ಸರಿಸಿ ಜಾಗ ಮಾಡಿದ.

ಮಾರನೇ ವರ್ಷದ ಆಗಸ್ಟಿನ ಹೊತ್ತಿಗೆ ಬಸ್ಸಿನ ಮುಕ್ಕಾಲು ಪಾಲು ಹೆಂಗಸರ ಬ್ಯಾಗಿನಲ್ಲಿ ಬಿಲ್ಲೆ ಇತ್ತು. ಸ್ವಾತಂತ್ರ್ಯ ದಿನಕ್ಕೆ ಯಾವಾಗಲೂ ಲಾಡು ಹಂಚುವ ಕಾರ್ಖಾನೆಯಲ್ಲಿ ಈ ಸಲ ಅವರೇ ಗಲಾಟೆ ಮಾಡಿ, ಮಾಗಡಿಯ ಬಿಲ್ಲೆಯೇ ಬೇಕು ಅಂದರಂತೆ. ಕಾರ್ಖಾನೆಯ ಆಫೀಸಿನಿಂದ ಒಬ್ಬರು ಬಂದು ಗವಿಸಿದ್ದಯ್ಯನ ಹತ್ತಿರ ಮಾತು ತೆಗೆದರು.

"ನನ್ನೇನು ಕೇಳ್ತೀರಿ ಸಾ? ಮಾಡೋಳು ಅವಳು."

ಅವರು ವಿಮಲಮ್ಮನ ಕಡೆ ತಿರುಗಿದರು. "ಹಬ್ಬದ ದಿನ ಅಲ್ವೇನಮ್ಮ, ಮೇಲೊಂದಿಷ್ಟು ಸಕ್ಕರೆ ಐಸಿಂಗ್ ಹಾಕಿದ್ರೆ ನೋಡೋಕೆ ಚೆಂದ."

"ಐಸಿಂಗ್ ಬೇಕಂದ್ರೆ ನಮ್ಮೆಜಮಾನ್ರ ಕೇಕ್ ಐತೆ ಸಾರ್, ಅದಕ್ಕೆ ಸಾಟಿನೇ ಇಲ್ಲ," ಅಂದಳು ವಿಮಲಮ್ಮ. "ಇದು ಹಿಂಗೇನೇ. ಹಗುರವಾಗೈತೆ ಅಂತಾನೇ ಆ ಮಕ್ಳು ಕೇಳ್ತಿರೋದು."

ಅವರು ನಕ್ಕು, ಹಾಗೇ ಆಗಲಿ ಎಂದು ಒಪ್ಪಿದರು.

ಸ್ವಾತಂತ್ರ್ಯ ದಿನದ ಹಿಂದಿನ ದಿನ ಬೆಳಗ್ಗೆ ಅಶ್ವಥ್ ಜ್ವರದಲ್ಲಿ ಮಲಗಿಬಿಟ್ಟ. ಸೌದೆ ಒಟ್ಟಲು ಆಳಿಲ್ಲ, ಗವಿಸಿದ್ದಯ್ಯ ಭಾರ ಎತ್ತುವ ಹಾಗಿಲ್ಲ. ಕಲಸಿದ ಹಿಟ್ಟು ತಟ್ಟೆತಟ್ಟೆಯಾಗಿ ಸಾಲಾಗಿತ್ತು. ಇಲ್ಲಿಯವರೆಗೆ ವಿಮಲಮ್ಮ ಬೇರೆಯವರು ಹಚ್ಚಿದ ಭಟ್ಟಿಯ ಉಳಿದ ಕಾವಲ್ಲೇ ಬೇಯಿಸಿದವಳು.

ಗವಿಸಿದ್ದಯ್ಯ ಸ್ಟೂಲು ಎಳೆದುಕೊಂಡು ಭಟ್ಟಿಯ ಬಾಯಿಗೆ ಓರೆಯಾಗಿ ಕೂತ. ತಟ್ಟೆ ತಳ್ಳುವ ಉದ್ದ ಹಿಡಿಯ ಹಲಗೆ ಗೋಡೆಗೆ ಒರಗಿತ್ತು. ಅವನ ಅಪ್ಪನ ಕಾಲದ್ದು, ಹಿಡಿ ಸವೆದು ನುಣ್ಣಗಾಗಿತ್ತು. ಅದನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ನಾ ಹೇಳ್ತೀನಿ, ನೀ ಮಾಡು. ಹೆದರ್ಕೋಬೇಡ. ಬೆಂಕಿ ನೀ ಹೇಳ್ದಂಗೆ ಕೇಳ್ತದೆ, ಒಸಿ ತಾಳ್ಮೆ ಬೇಕಷ್ಟೆ."

ಸೌದೆ ಹೇಗೆ ಒಟ್ಟಬೇಕು, ಕೆಂಡ ಯಾವಾಗ ಬದಿಗೆ ಎಳೆಯಬೇಕು ಎಲ್ಲ ಹೇಳಿದ. ಕಾವು ನೋಡಲು ಚಿಟಿಕೆ ಮೈದಾವನ್ನು ಒಳಗೆ ಎಸೆಯಿಸಿ, "ಕಪ್ಪಾಯ್ತಾ? ಇನ್ನೂ ತಡಿ. ಈಗ ಎಸಿ... ಹಾಂ, ಕೆಂಪಗಾಯ್ತು ನೋಡು, ಈಗ ತಳ್ಳು" ಅಂದ. ವಿಮಲಮ್ಮ ಸೆರಗು ಬಿಗಿದು ಮೊದಲ ತಟ್ಟೆ ತಳ್ಳಿದಳು. ಮುಖಕ್ಕೆ ಕಾವು ಹೊಡೆಯಿತು. ಹಿಂದೆ ಸರಿಯಲಿಲ್ಲ. ಆಮೇಲಾಮೇಲೆ ಗವಿಸಿದ್ದಯ್ಯ ಹೇಳುವುದು ಕಮ್ಮಿಯಾಯಿತು. ಕೊನೆಯ ತಟ್ಟೆಗಳನ್ನು ಸುಮ್ಮನೆ ನೋಡುತ್ತಾ ಕೂತಿದ್ದ. ಒಂದೂ ಕರಕಲಾಗಲಿಲ್ಲ.

ಮಾರನೇ ಬೆಳಗ್ಗೆ ವಿಮಲಮ್ಮ ಸೊಸೆಯ ಜೊತೆ ಬಿಲ್ಲೆಯ ಡಬ್ಬಗಳನ್ನು ಇಟ್ಟುಕೊಂಡು ಕಾರ್ಖಾನೆ ಬಸ್ಸಿನಲ್ಲೇ ಹೋದಳು. ಬಾವುಟ ಹಾರಿತು, ಜನಗಣಮನ ಆಯಿತು. ಅಂಗಳದ ತುಂಬ ಹೆಂಗಸರು ಬಿಲ್ಲೆ ಮುರಿದು ಒಬ್ಬರಿಗೊಬ್ಬರು ಕೊಟ್ಟುಕೊಂಡು ತಿನ್ನುತ್ತಿದ್ದರು. ಕನಕಪುರ ಕಡೆಯಿಂದ ಬರುವ ಹುಡುಗಿಯೊಬ್ಬಳು, "ಯಾವ ಬೇಕರಿದಕ್ಕಾ ಇದು?" ಎಂದು ಕೇಳಿದಳು.

ಐಶ್ವರ್ಯ ಅತ್ತೆಯ ತೋಳು ಹಿಡಿದು ಮುಂದಕ್ಕೆ ಎಳೆದಳು. "ಬೇಕರಿ ಯಾವ್ದಾದ್ರೇನು, ಮಾಡ್ದೋರು ಇವರು. ನಮ್ಮತ್ತೆ!"

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಮೊದಲಾಗಿದ್ದರೆ ಸೆರಗು ಎಳೆದುಕೊಂಡು ಸೊಸೆಯ ಹಿಂದೆ ಸರಿಯುತ್ತಿದ್ದಳೇನೋ. ಅವತ್ತು ವಿಮಲಮ್ಮ ನೆಟ್ಟಗೆ ನಿಂತು, "ಹೂಂ ಕಣವ್ವ, ನಾನೇ ಮಾಡಿದ್ದು," ಅಂದಳು. "ತಿನ್ನು, ಇನ್ನೂ ಐತೆ."