ದಾವಲಸಾಬ ಮಿಸ್ತ್ರಿಯ ಜೋಡಿ ಟಾಕಿ

ದಾವಲಸಾಬ ಮಿಸ್ತ್ರಿ ಗಾಡಿಯ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡುವಾಗಲೂ ಬಿಳಿ ಪಾಯಿಜಾಮ, ಬಿಳಿ ಅಂಗಿಯನ್ನೇ ತೊಡುತ್ತಿದ್ದ. ಬೆಳಿಗ್ಗೆ ಇಸ್ತ್ರಿಯ ಗೆರೆ ಮುರಿಯದೆ ಬಂದ ಆ ಅಂಗಿ ಸಂಜೆ ಅವನು ಮಸೀದಿಯ ಕಡೆ ಹೊರಟಾಗಲೂ ಹಾಗೆಯೇ ಇರುತ್ತಿತ್ತು. ಹಳೇ ಹುಬ್ಬಳ್ಳಿಯ ಆ ಗಲ್ಲಿಯ ಉಳಿದ ಮಿಸ್ತ್ರಿಗಳು ಮೊಣಕೈವರೆಗೆ ಕರಿ ಎಣ್ಣೆ ಬಳಿದುಕೊಂಡು ತಿರುಗುತ್ತಿದ್ದರೆ ಇವನೊಬ್ಬ ಮದುವೆಗೆ ಹೊರಟವನಂತೆ ಕಾಣುತ್ತಿದ್ದ. ಎಣ್ಣೆ ಎಲ್ಲಿಂದ ಸೋರುತ್ತದೆಂದು ಮೊದಲೇ ಗೊತ್ತಿದ್ದವನ ಮೈಮೇಲೆ ಅದು ಬೀಳುವುದಾದರೂ ಹೇಗೆ ಎಂದು ಅವನ ಗಿರಾಕಿಗಳು ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ತಾಂತ್ರಿಕ ಶಾಲೆಯಲ್ಲಿ ಯಂತ್ರಗಳ ನಕ್ಷೆ ಕಲಿಸುವ ಮಾಸ್ತರ. ದಿನವಿಡೀ ಒಂದು ಯಂತ್ರವನ್ನೂ ಮುಟ್ಟದೆ ಇದ್ದರೂ ನನ್ನ ಜೇಬಿನ ಮೇಲೆ ಶಾಯಿಯ ಕಲೆ, ತೋಳಿನ ಮೇಲೆ ಸೀಮೆಸುಣ್ಣದ ಪುಡಿ. ಆ ಅಂಗಿಯ ಮೇಲೆ ನನಗೆ ಮೊದಲ ದಿನದಿಂದಲೇ ಹೊಟ್ಟೆಕಿಚ್ಚು. ಈಗ ವಯಸ್ಸಾಗಿದೆ, ಹೇಳಿಕೊಳ್ಳಲು ಅಡ್ಡಿಯಿಲ್ಲ.

ಮೊದಲ ದಿನ ಎಂದರೆ ಅವನು ನಮ್ಮ ಶಾಲೆಗೆ ಬಂದ ದಿನ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಲ್ಲಿ ಪಾಠಕ್ಕೆಂದು ಒಂದು ಎಂಜಿನ್ ಇತ್ತು. ಅದರ ಪಕ್ಕೆಯನ್ನು ಕತ್ತರಿಸಿ ಒಳಗಿನದೆಲ್ಲ ಕಾಣುವಂತೆ ಮಾಡಿದ್ದರು. ಹಿಡಿಕೆ ತಿರುಗಿಸಿದರೆ ಕವಾಟಗಳು ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು. ಹಿಡಿಕೆ ಬಿಗಿಯಾಯಿತೆಂದು ಮುಖ್ಯಸ್ಥರು ಮಿಸ್ತ್ರಿಯನ್ನು ಕರೆಸಿದರು. ನಾನು ತರಗತಿ ನಡೆಸುತ್ತಿದ್ದೆ. ಅವನು ಹಿಡಿಕೆಯನ್ನು ಎರಡು ಸುತ್ತು ತಿರುಗಿಸಿ, ಬಗ್ಗಿ ನೋಡಿ, ಇನ್ನೊಂದು ಸುತ್ತು ತಿರುಗಿಸಿದ. ಆಮೇಲೆ ಹುಡುಗರೆಲ್ಲ ಕೇಳುವಂತೆ ಹೇಳಿದ: “ಮಾಸ್ತರ, ಈ ಮೂರನೇ ಬಾಯಿ ತೆರಿಬೇಕಾದಾಗ ಮುಚ್ಚತೈತಿ ನೋಡ್ರಿ. ಎಷ್ಟ ವರ್ಷದಿಂದ ಹಿಂಗ ಕಲಸಾಕತ್ತೀರಿ?”

ಆರು ವರ್ಷದಿಂದ. ನಾನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ಹುಡುಗರು ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಎಲ್ಲರೂ ಎದ್ದು ಬಂದು ಅವನ ಸುತ್ತ ನಿಂತರು. ನನ್ನ ಪಾಠಕ್ಕೆ ಅವರು ಎಂದೂ ಹಾಗೆ ಹತ್ತಿರ ಬಂದು ನಿಂತಿರಲಿಲ್ಲ.

ಅಲ್ಲಿಗೆ ಮುಗಿಯಬಹುದಿತ್ತು, ಚನ್ನಬಸಪ್ಪನಿಗೆ ಓಟದ ಹುಚ್ಚು ಹಿಡಿಯದೆ ಇದ್ದಿದ್ದರೆ. ಚನ್ನಬಸಪ್ಪ ನನ್ನ ಬಾಲ್ಯದ ಗೆಳೆಯ, ಹತ್ತಿ ವ್ಯಾಪಾರಸ್ಥರ ಮನೆಯ ಕಿರಿಯ ಮಗ. ವ್ಯಾಪಾರದ ಕೆಲಸಕ್ಕೆಂದು ಮದರಾಸಿಗೆ ಹೋದವನು ಅಲ್ಲಿ ಯುದ್ಧಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ ಮೋಟಾರು ಓಟ ನೋಡಿ ಬಂದ. ಒಬ್ಬನೇ ಕೂರುವ, ಚಕ್ರಗಳು ಹೊರಗೆ ಬಯಲಾಗಿರುವ ಪುಟ್ಟ ಗಾಡಿಗಳು. ಅದಕ್ಕೆ ಫಾರ್ಮುಲಾ ಎನ್ನುತ್ತಾರಂತೆ. ಎಂಜಿನ್ ಎಷ್ಟು ದೊಡ್ಡದಿರಬೇಕು, ತೂಕ ಎಷ್ಟಕ್ಕಿಂತ ಕಡಿಮೆಯಿರಬಾರದು, ಪೆಟ್ರೋಲ್ ಟಾಕಿ ಒಂದೇ ಇರಬೇಕು, ಹೀಗೆ ಗಾಡಿ ಕಟ್ಟುವ ಕಟ್ಟಳೆಗಳೆಲ್ಲ ಸೇರಿ ಫಾರ್ಮುಲಾ. ಆ ನಿಯಮಗಳ ಇಂಗ್ಲಿಷ್ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು, ಹುಬ್ಬಳ್ಳಿಯಿಂದಲೂ ಒಂದು ಗಾಡಿ ಹೋಗಬೇಕು, ನೀನೇ ಕಟ್ಟಿಸಬೇಕು ಎಂದ.

ಮೂರು ತಿಂಗಳು ಕೂತು ನಕ್ಷೆ ಬರೆದೆ. ನನ್ನ ಜೀವನದ ಅತಿ ಚೆಂದದ ನಕ್ಷೆಗಳು ಅವು. ಕಟ್ಟಲು ಒಳ್ಳೆಯ ಕೈ ಬೇಕೆಂದು ಚನ್ನಬಸಪ್ಪ ಅವನ್ನು ಸುತ್ತಿಕೊಂಡು ಹೋದದ್ದು ದಾವಲಸಾಬನ ಶೆಡ್ಡಿಗೆ. ನಾನೂ ಹೋದೆ. ಮಿಸ್ತ್ರಿ ಕೈ ತೊಳೆದುಕೊಂಡು ಬಂದು ಹಾಳೆಗಳನ್ನು ಒಂದೊಂದಾಗಿ ನೋಡಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಗೆರೆಗಳು ಬರುತ್ತಿದ್ದವು.

“ಚಿತ್ರ ಭಾಳ ಛಲೋ ಅದಾವ್ರಿ ಮಾಸ್ತರ,” ಎಂದ. “ಆದ್ರ ಈ ಗಾಡಿ ನೆಟ್ಟಗ ಹೊಕ್ಕೈತಿ, ತಿರುಗೂದಿಲ್ಲ.”

ಹಾಗೆಂದವನೇ ಶೆಡ್ಡಿನ ನೆಲ ಗುಡಿಸಿ, ಇದ್ದಿಲು ತೆಗೆದುಕೊಂಡು, ಇಡೀ ಗಾಡಿಯನ್ನು ಅದರ ನಿಜವಾದ ಗಾತ್ರದಲ್ಲಿ ನೆಲದ ಮೇಲೆ ಬರೆದ. ಅಗಲ ಎಷ್ಟೆಂದು ತಿಳಿಯಲು ಒಂದು ಬಿದಿರುಕೋಲು ಹಿಡಿದು ಗಲ್ಲಿಗೆ ಹೋಗಿ, ತಗಡಿನ ಕೆಲಸದವರ ಮನೆಯ ಮೂಲೆಯಲ್ಲಿ ದಾರಿ ಎಷ್ಟು ಕಿರಿದೆಂದು ಅಳೆದು ಬಂದ. ಕಟ್ಟಿದ ಗಾಡಿ ಗಲ್ಲಿಯಿಂದ ಹೊರಗೆ ಬರಬೇಕಲ್ಲ ಎಂಬುದು ಅವನ ಮೊದಲ ನಿಯಮ. ಚನ್ನಬಸಪ್ಪ ಅವತ್ತು ಅಲ್ಲಿ ಒಂದು ಡಬ್ಬ ಬೋರಲು ಹಾಕಿಕೊಂಡು ಕೂತವನು ಎಂಟು ತಿಂಗಳು ಏಳಲಿಲ್ಲ. ಮೊದಲು ಸಂಜೆಯಾದರೆ ನನ್ನ ಮನೆಗೆ ಬರುತ್ತಿದ್ದ. ಈಗ ಅವನನ್ನು ನೋಡಬೇಕೆಂದರೆ ನಾನೇ ಶೆಡ್ಡಿಗೆ ಹೋಗಬೇಕಿತ್ತು. ಹೋದರೂ ಅವನ ಕಣ್ಣು ಮಿಸ್ತ್ರಿಯ ಕೈಯ ಮೇಲೆ. ನನಗೆ ಇದ್ದ ಕೆಲಸವೆಂದರೆ ನಿಯಮದ ಪುಸ್ತಕವನ್ನು ಓದಿ ಕನ್ನಡದಲ್ಲಿ ಹೇಳುವುದು, ಮತ್ತು ಮಿಸ್ತ್ರಿ ನೆಲದ ಮೇಲೆ ಬರೆದದ್ದನ್ನು ಕಾಗದಕ್ಕೆ ಇಳಿಸಿಕೊಳ್ಳುವುದು. ಓದಿ ಹೇಳಿದ್ದನ್ನು ದಾವಲಸಾಬ ಒಮ್ಮೆ ಕೇಳಿದರೆ ಮರೆಯುತ್ತಿರಲಿಲ್ಲ. ನಾನು ಹಾಳೆ ತಿರುವಿ ಹುಡುಕುವಷ್ಟರಲ್ಲಿ ಅವನು ಇಂಥ ನಿಯಮ ಹೀಗೆ ಹೇಳುತ್ತದೆ ಎಂದು ಬಿಡುತ್ತಿದ್ದ.

ಟಾಕಿಯ ಮಾತು ಬಂದದ್ದು ಆಗ. ಎಲ್ಲ ಗಾಡಿಗಳಲ್ಲಿ ಟಾಕಿ ಹಿಂದೆ ಬಾಲದಲ್ಲಿರುತ್ತದೆ. ಪೆಟ್ರೋಲ್ ಖರ್ಚಾದಂತೆ ಬಾಲ ಹಗುರಾಗಿ ಗಾಡಿಯ ಹಿಡಿತ ಬದಲಾಗುತ್ತದೆ. ದಾವಲಸಾಬ ಟಾಕಿಯನ್ನು ಎರಡು ಹೊಟ್ಟೆಗಳನ್ನಾಗಿ ಮಾಡಿ ಸೀಟಿನ ಎಡಕ್ಕೊಂದು ಬಲಕ್ಕೊಂದು ಇಟ್ಟು, ಬುಡದಲ್ಲಿ ಒಂದು ಸಣ್ಣ ನಳಿಕೆಯಿಂದ ಕೂಡಿಸಿದ. ನಿಯಮ ಒಂದೇ ಟಾಕಿ ಎನ್ನುತ್ತದಲ್ಲ ಎಂದೆ. “ಒಂದ ಐತ್ರಿ,” ಎಂದ. “ಈ ಕಡಿ ಹಾಕಿದ್ರ ಆ ಕಡಿ ಏರತೈತಿ. ನಡುವ ಬಾಗಲಾ ಇಲ್ಲ, ಚಾವಿ ಇಲ್ಲ. ಬುಡದಾಗ ಕೂಡಿದ ಮ್ಯಾಲ ಎರಡ ಹ್ಯಾಂಗಾತು?” ನಳಿಕೆ ಅಷ್ಟು ಸಣ್ಣದು ಯಾಕೆ ಎಂದೂ ಕೇಳಿದೆ. ಓಡಿಸಿದ ಮೇಲೆ ತಿಳಿಯುತ್ತದೆ ಎಂದು ನಕ್ಕ. ಆ ನಗು ನನಗೆ ಸೇರಲಿಲ್ಲ. ಮತ್ತೆ ಕೇಳಲಿಲ್ಲ.

ಹೆಬ್ಬಳ್ಳಿಯ ದಾರಿಯಲ್ಲಿ, ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ, ಒಂದು ಮುಂಜಾನೆ ಗಾಡಿಯನ್ನು ಓಡಿಸಿ ನೋಡಿದೆವು. ಹೊಲಕ್ಕೆ ಹೊರಟವರು ಎತ್ತುಗಳನ್ನು ಹಿಡಿದುಕೊಂಡು ಬದಿಗೆ ನಿಂತರು. ಗಾಡಿ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಯಿತು. ವಾಪಸು ಬಂದ ಚನ್ನಬಸಪ್ಪ ಇಳಿದವನೇ ಮಿಸ್ತ್ರಿಯನ್ನು ಅಪ್ಪಿಕೊಂಡ. ಗಡಿಯಾರ ಹಿಡಿದು ನಿಂತಿದ್ದ ನಾನು ಎಷ್ಟು ನಿಮಿಷವಾಯಿತೆಂದು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅದೇ ವಾರ ಓಟಕ್ಕೆ ಹೆಸರು ಕೊಡುವ ಅರ್ಜಿ ಬಂತು. ತಂಡಕ್ಕೆ ಮೂರು ಹೆಸರು ಬೇಕಿತ್ತು: ಒಡೆಯ, ಚಾಲಕ, ವಿನ್ಯಾಸಕ. ಮೊದಲೆರಡಕ್ಕೂ ಚನ್ನಬಸಪ್ಪನ ಹೆಸರು ಬರೆದೆ. ಮೂರನೆಯ ಗೆರೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನನ್ನ ಹೆಸರು ಬರೆದು, ಪಕ್ಕದಲ್ಲಿ ನನ್ನ ಡಿಪ್ಲೊಮಾ ಬರೆದೆ. ಜೊತೆಗೆ ಗಾಡಿ ಮುಗಿದ ಮೇಲೆ ಅದನ್ನು ನೋಡಿ ನಾನು ಬರೆದುಕೊಂಡಿದ್ದ ನಕ್ಷೆಗಳನ್ನೂ ಲಗತ್ತಿಸಿದೆ. ಓದಿದವರ ಹೆಸರೇ ಬೇಕೆಂದು ನಿಯಮವಿದೆ ಎಂದು ಶೆಡ್ಡಿನಲ್ಲಿ ಹೇಳಿದೆ. ಅಂಥ ನಿಯಮ ಇರಲಿಲ್ಲ. ಚನ್ನಬಸಪ್ಪ ತಲೆಯಾಡಿಸಿದ. ದಾವಲಸಾಬ ಮಾತ್ರ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, ಆ ಸಾಲು ಇನ್ನೊಮ್ಮೆ ಓದಿರಿ ಎಂದ. ನಾನು ಇಲ್ಲದ ಸಾಲನ್ನು ಇನ್ನೊಮ್ಮೆ ಓದಿದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಪಾನಾ ಎತ್ತಿಕೊಂಡ.

ಮದರಾಸಿನ ಬಿಸಿಲು ನಮ್ಮ ಬಿಸಿಲಿನಂತಲ್ಲ, ಮೈಗೆ ಅಂಟಿಕೊಳ್ಳುತ್ತದೆ. ಅಭ್ಯಾಸದ ಓಟದಲ್ಲಿ ನಮ್ಮ ಗಾಡಿ ಎರಡನೆಯದಾಗಿ ಬಂತು. ಮೊದಲನೆಯದೂ ಮೂರನೆಯದೂ ಪರದೇಶದಿಂದ ಹಡಗಿನಲ್ಲಿ ಬಂದ ಗಾಡಿಗಳು. ಒಂದು ತಾಸಿನೊಳಗೆ ಮೂರನೆಯವರು ಆಕ್ಷೇಪಣೆ ಬರೆದುಕೊಟ್ಟರು: ಹುಬ್ಬಳ್ಳಿಯ ಗಾಡಿಗೆ ಎರಡು ಟಾಕಿಗಳಿವೆ, ಅದು ನಿಯಮಕ್ಕೆ ವಿರುದ್ಧ, ಅದನ್ನು ಓಟದಿಂದ ಕೈಬಿಡಬೇಕು.

ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿ ನಿವೃತ್ತ ಸೈನಿಕ, ವಯಸ್ಸಾದ ನಿಧಾನದ ಮನುಷ್ಯ. ಗಾಡಿಯ ಸುತ್ತ ಹಗ್ಗ ಕಟ್ಟಿಸಿ, ಒಳಗೆ ವಿನ್ಯಾಸಕನೊಬ್ಬನೇ ಬರಲಿ ಎಂದ. ನಾನು ಹೋದೆ. ದಾವಲಸಾಬ ಹಗ್ಗದ ಆಚೆ, ಹತ್ತು ಹೆಜ್ಜೆ ದೂರದಲ್ಲಿ ನಿಂತ. ಚನ್ನಬಸಪ್ಪ ಆಕ್ಷೇಪಣೆ ಕೊಟ್ಟವರ ಜೊತೆ ಮಾತಾಡಲು ಹೋಗಿದ್ದ. ಅಧಿಕಾರಿ ಮಂಡಿಯೂರಿ ಕೂತು ನಳಿಕೆಯನ್ನು ಮುಟ್ಟಿ ನೋಡಿದ. ಬುಡದಲ್ಲಿ ಕೂಡಿದೆ, ಆದ್ದರಿಂದ ಒಂದೇ ಟಾಕಿ ಎಂದು ವಾದಿಸಬಹುದು ಎಂದು ಅವನೇ ಹೇಳಿದ. ಆದರೆ ನಳಿಕೆ ಇಷ್ಟು ಸಣ್ಣದೇಕೆ? ಸುಮ್ಮನೆ ಹೆಸರಿಗೆ ಕೂಡಿಸಿದ್ದರೆ ಅದು ಎರಡು. ಅದಕ್ಕೊಂದು ಕಾರಣವಿದ್ದರೆ ಒಂದು ಎಂದು ಒಪ್ಪುತ್ತೇನೆ, ಹೇಳಿ ಎಂದ.

ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿದ್ದವನು ಹತ್ತು ಹೆಜ್ಜೆ ದೂರದಲ್ಲಿದ್ದ. ಕರೆದರೆ ಬರುತ್ತಿದ್ದ, ಕನ್ನಡದಲ್ಲಿ ಹೇಳುತ್ತಿದ್ದ, ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಆಮೇಲೆ ಆ ಮುದುಕ ನನ್ನನ್ನು ದಾಟಿ ಅವನ ಮುಖ ನೋಡುತ್ತಿದ್ದ, ನಮ್ಮ ಹುಡುಗರು ನೋಡಿದ ಹಾಗೆ, ಚನ್ನಬಸಪ್ಪ ನೋಡಿದ ಹಾಗೆ. ಕರೆಯಲು ಬಾಯಿ ತೆರೆದದ್ದು ನಿಜ.

“ಎರಡು,” ಎಂದೆ. ಎರಡು ಬೆರಳನ್ನೂ ಎತ್ತಿದೆ.

ಅಧಿಕಾರಿ ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿ ಕಾಗದದ ಮೇಲೆ ಬರೆದುಕೊಂಡ. ಗಾಡಿ ಓಟದಿಂದ ಹೊರಗಾಯಿತು. ನಿಯಮ ಒಪ್ಪಲಿಲ್ಲ ಎಂದು ಚನ್ನಬಸಪ್ಪನಿಗೆ ಹೇಳಿದೆ. ಅವನು ಗಾಡಿಯ ಮೂಗಿನ ಮೇಲೆ ಕೈಯಿಟ್ಟುಕೊಂಡು ತುಂಬಾ ಹೊತ್ತು ನಿಂತಿದ್ದ. ಗಾಡಿಗೆ ತಾಡಪತ್ರಿ ಹೊದಿಸುತ್ತಿದ್ದ ದಾವಲಸಾಬನನ್ನು, ಅಷ್ಟಕ್ಕೂ ಆ ನಳಿಕೆ ಸಣ್ಣದೇಕೆ ಮಾಡಿದ್ದೆ ಎಂದು ಅವನು ಕೇಳಿದ. ಗಾಡಿ ಜೋರಾಗಿ ತಿರುಗಿದಾಗ ಪೆಟ್ರೋಲೆಲ್ಲ ಒಂದೇ ಕಡೆ ನುಗ್ಗಬಾರದು, ನೆಟ್ಟಗಾದ ಮೇಲೆ ನಿಧಾನವಾಗಿ ಸಮನಾಗಬೇಕು, ಅದಕ್ಕೆ ಎಂದು ಮಿಸ್ತ್ರಿ ಹಗ್ಗದ ಗಂಟು ಬಿಗಿಯುತ್ತ ಹೇಳಿದ. ಅಷ್ಟೇ ಇತ್ತು. ಒಂದು ಉಸಿರಿನ ಮಾತು.

ಚನ್ನಬಸಪ್ಪ ಮತ್ತೆ ಓಟಕ್ಕೆ ಹೋಗಲಿಲ್ಲ. ಮನೆಯವರು ಅಂಗಡಿಗೆ ಕೂರಿಸಿದರು. ಗಾಡಿಯ ಎಂಜಿನ್ ಇನ್ನಾವುದೋ ಕಾರಿಗೆ ಹೋಯಿತು. ದಾವಲಸಾಬ ನನ್ನ ಜೊತೆ ಮೊದಲಿನಂತೆಯೇ ಇದ್ದ. ಎದುರಾದರೆ ಸಲಾಂ ಮಾಡುತ್ತಿದ್ದ, ಮಾಸ್ತರ ಎನ್ನುತ್ತಿದ್ದ. ಮರುವರ್ಷ ಹೊಸ ನಿಯಮದ ಪುಸ್ತಕ ಅಂಚೆಯಲ್ಲಿ ಬಂತು, ವಿನ್ಯಾಸಕನೆಂದು ನನ್ನ ಹೆಸರಿಗೆ. ಅದರಲ್ಲಿ ಒಂದು ಸಾಲು ಹೆಚ್ಚಾಗಿತ್ತು: ಬುಡದಲ್ಲಿ ಕೂಡಿದ ಟಾಕಿಗಳನ್ನು, ನಳಿಕೆ ಎಷ್ಟೇ ಸಣ್ಣದಿರಲಿ, ಒಂದೆಂದೇ ಎಣಿಸತಕ್ಕದ್ದು. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ನಾಲ್ಕು ವರ್ಷ ಕಳೆದ ಮೇಲೆ, ದಾವಲಸಾಬ ಹುಬ್ಬಳ್ಳಿ ಬಿಟ್ಟು ಮಿರಜದಲ್ಲಿರುವ ಮಗಳ ಮನೆಗೆ ಹೋಗುತ್ತಾನೆಂದು ಕೇಳಿದೆ. ಕಣ್ಣಿಗೆ ಪೊರೆ ಬಂದಿತ್ತು. ಆ ಪುಸ್ತಕ ತೆಗೆದುಕೊಂಡು ಶೆಡ್ಡಿಗೆ ಹೋಗಿ, ಹೊಸ ಸಾಲನ್ನು ಓದಿ, ಅವತ್ತು ಅಧಿಕಾರಿಯ ಮುಂದೆ ನಾನು ಏನು ಹೇಳಿದೆನೆಂದು ತಿಳಿಸಿದೆ. ಅವನು ಸಾಮಾನುಗಳನ್ನು ಒರೆಸಿ ಪೆಟ್ಟಿಗೆಗೆ ಇಡುವುದನ್ನು ನಿಲ್ಲಿಸಲಿಲ್ಲ.

“ನೀವು ಎರಡು ಬೆರಳು ಎತ್ತಿದ್ದು ನೋಡೀನ್ರಿ,” ಎಂದ. “ಇಂಗ್ಲೀಷ್ ಬರೂದಿಲ್ಲ, ಬೆರಳು ಎಣಸಾಕ ಬರತೈತಿ.”

ಮತ್ತೆ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ಏನಂತ ಹೇಳ್ಲಿ? ಕಾಗದದಾಗ ಗಾಡಿ ಕಟ್ಟಿದಾಂವ ನೀವು. ಕಟ್ಟಿದಾಂವ ಎರಡು ಅಂದ್ರ ಎರಡ.” ಒಂದು ಪಾನಾವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಪೆಟ್ಟಿಗೆಗಿಟ್ಟ. “ಯಾಕ ಹಂಗ ಮಾಡಿದ್ರಿ ಮಾಸ್ತರ?”

ಹೊಟ್ಟೆಕಿಚ್ಚು ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಕೆಲಸ ನಿಲ್ಲಿಸಿದ. ಕ್ಷಮಿಸುತ್ತಾನೆಂದೋ ಬೈಯುತ್ತಾನೆಂದೋ ಕಾದೆ.

“ನನಗೂ ಇತ್ರಿ,” ಎಂದ. “ನಿಮ್ಮ ನಕ್ಷಿ ನೋಡಿದ ದಿನ ರೊಟ್ಟಿ ಹೋಗಲಿಲ್ಲ ನನಗ. ನನ್ನ ಗಾಡಿ ಇದ್ದಲಿನ್ಯಾಗ, ಬೆಳಗಾದ್ರ ಕಸಬರಗಿಗೆ ಹೊಕ್ಕಿತ್ತು. ನಿಮ್ಮದು ಕಾಗದದಾಗ. ಅದಕ್ಕೂ ಮೊದಲ ಸಾಲ್ಯಾಗ ಹುಡುಗರ ಮುಂದ ನಿಮಗ ಹಂಗ ಅನ್ನೂ ಕೆಲಸ ಇದ್ದಿದ್ದಿಲ್ಲ. ಕಿವ್ಯಾಗ ಹೇಳಬಹುದಿತ್ತು. ಬೇಕಂತ ಅಂದೆ.”

ಆಮೇಲೆ ಅವನು ಚಹಾ ತರಿಸಿದ. ಕುಡಿದು ಎದ್ದು ಬಂದೆ. ಅವನು ಕ್ಷಮಿಸಿದ್ದೇನೆಂದು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅವನು ಹೊರಟ ದಿನ ಸ್ಟೇಷನ್ನಿಗೆ ಹೋದೆ. ನಾಲ್ಕು ಜನ ಇರಬಹುದೆಂದುಕೊಂಡಿದ್ದೆ. ಪ್ಲಾಟ್‌ಫಾರ್ಮಿನ ತುಂಬ ಲಾರಿ ಡ್ರೈವರುಗಳು, ಬಸ್ಸಿನವರು, ಟಾಂಗಾದವರು. ಚನ್ನಬಸಪ್ಪ ಅಂಗಡಿ ಮುಚ್ಚಿ ಬಂದು ಕಿಟಕಿಯ ಸರಳು ಹಿಡಿದು ನಿಂತಿದ್ದ. ಆ ಗುಂಪನ್ನು ದಾಟಿ ಹತ್ತಿರ ಹೋಗಲು ನನಗಾಗಲಿಲ್ಲ. ನಾನು ನಿವೃತ್ತನಾಗುವ ದಿನ ಯಾರು ಬರುತ್ತಾರೆ ಎಂದು ಅಲ್ಲಿ ನಿಂತೇ ಎಣಿಸಿದೆ. ರೈಲು ಅಲುಗಿತು. ಕಿಟಕಿಯೊಳಗಿಂದ ಅವನು ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ, ಎಲ್ಲರ ತಲೆಯ ಮೇಲಿಂದ ನಾನಿದ್ದ ಕಡೆ ನೋಡಿ ಕೈ ಎತ್ತಿದ. ನನಗೇ ಎಂದು ನಾನೂ ಎತ್ತಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ಲಾರಿ ಡ್ರೈವರನೂ ಎತ್ತಿದ.